ನಾದಿರಾ ಎಂಬ ಹೆಸರು

ನಮ್ಮ ಊರ್ಡಿಗೆರೆಯಲ್ಲಿ ಹೆಣ್ಣುಮಕ್ಕಳ ಹೆಸರೆಂದರೆ ಫಾತಿಮಾ, ಹಾಜಿರಾ, ಮುಮ್ತಾಜ್. ನಾದಿರಾ ಎಂದು ಯಾರನ್ನಾದರೂ ಕೂಗಿದ್ದನ್ನು ನಾವು ಇಲ್ಲಿ ಕೇಳಿದವರಲ್ಲ. ಆ ಹೆಸರು ನಮಗೆ ಪರಿಚಯವಾದದ್ದು ಕನ್ನಡದಲ್ಲಿಯೇ, ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಿಂದ. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕೃತಿ ಅದು.

ಕನ್ನಡದ ಕಿವಿಗೆ ಈ ಹೆಸರಿನಲ್ಲಿ ನಾದವೋ ನದಿಯೋ ಕೇಳಿಸೀತು. ಕತೆ ಹೊಳೆಯ ದಂಡೆಯದಾದ್ದರಿಂದ ಕೇಳಿಸಿದರೂ ಚೆಂದವೇ. ಆದರೆ ಮೂಲ ಅರಬ್ಬಿ. ನಾದಿರ್ ಎಂದರೆ ಅಪರೂಪದ್ದು. ನಾದಿರಾ ಅದರ ಸ್ತ್ರೀರೂಪ. ಉರ್ದು ಓದಿದ ನಮಗೆ ಮೊದಲು ಹೊಳೆಯುವುದು ಈ ಅರ್ಥವೇ. ದಾರಾ ಶಿಕೋಹನ ಬೇಗಂ ನಾದಿರಾ. ಕೋಕಂದದ ರಾಣಿ ಮಾಹ್ಲರ್ ಆಯಿಮ್ (1792-1842) ಕವಿತೆ ಬರೆದದ್ದು ಈ ಹೆಸರಿನಲ್ಲಿ. ಬಗ್ದಾದಿ ಯಹೂದಿ ಮನೆತನದ ಫ್ಲಾರೆನ್ಸ್ ಎಜಕಿಯಲ್ 1952ರ 'ಆನ್' ಚಿತ್ರದಲ್ಲಿ ನಾದಿರಾ ಆದರು. ಅರಮನೆ, ಕಾವ್ಯ, ಬೆಳ್ಳಿತೆರೆಗಳ ಈ ಹೆಸರನ್ನು ಸಾರಾ ಕಾಸರಗೋಡಿನ ಸಾಮಾನ್ಯ ಮನೆಯ ಹುಡುಗಿಗೆ ಇಟ್ಟರು.

ಇಟ್ಟು, ಹೆಸರಿನ ಅರ್ಥವನ್ನೇ ಪರೀಕ್ಷೆಗೆ ಒಡ್ಡಿದರು. ಅಪರೂಪದ ಒಡವೆಯ ಹಾಗೆ ಅವಳನ್ನು ಅಪ್ಪ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಅಳಿಯ ರಶೀದನ ಮೇಲಿನ ಹಟಕ್ಕೆ ತಲಾಖ್ ಕೊಡಿಸುತ್ತಾನೆ. ಮತ್ತೆ ರಶೀದನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಲೆ. ನಿನಗೇನು ಬೇಕು ಮಗಳೇ ಎಂದು ಕೇಳುವವರಿಲ್ಲ. ಅವಳು ತಾನೇ ತೀರ್ಮಾನಿಸಿ ಇಟ್ಟ ಹೆಜ್ಜೆ ಮಸೀದಿಯ ಕೆರೆಯೊಳಗೆ. ಇದನ್ನು ಧರ್ಮನಿಂದೆ ಎಂದವರು ಆ ಹೆಣ್ಣಿನ ಮುಖವನ್ನೇ ನೋಡಲಿಲ್ಲ ಎಂದೇ ನಮ್ಮ ಅನಿಸಿಕೆ.

ಈಚೆಗೆ ನೆಂಟರ ಮಗುವಿಗೆ ಈ ಹೆಸರನ್ನು ಸೂಚಿಸಿದೆವು. ಅಜ್ಜಿಗೆ ಹಿಡಿಸಿತು. ಕಾದಂಬರಿ ಓದಿದ್ದ ತಾಯಿ ಮಾತ್ರ, "ಬೇಡ ಭಾಯಿ, ಅವಳ ಗತಿ ಗೊತ್ತಲ್ಲ" ಎಂದರು. ಮಗುವಿಗೆ ಆಯಿಷಾ ಎಂದು ಹೆಸರಾಯಿತು.