ಅಳಿಸಿದ ಗೋಡೆ, ಮತ್ತೆ ಬರೆದ ಗೋಡೆ

ಈ ವಾರ ಬಾಲ್ಮಿ ಗಲ್ಲಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ ಆ ಓಣಿಯಲ್ಲಿ 1984ರ ಸುಮಾರಿಗೆ ಕಲಾವಿದರನ್ನು ಒಟ್ಟುಗೂಡಿಸಿ, ಮಧ್ಯ ಅಮೆರಿಕದ ಯುದ್ಧಗಳಲ್ಲಿ ಅಮೆರಿಕದ ಕೈವಾಡವನ್ನು ಬೇಲಿಗಳ ಮೇಲೂ ಗ್ಯಾರೇಜ್ ಬಾಗಿಲುಗಳ ಮೇಲೂ ಬರೆಸಿದವರು ರೇ ಪಟ್ಲಾನ್. ಆದರೆ ಪಟ್ಲಾನ್ ಹೆಸರು ಬಂದ ಮೇಲೆ ಅವರ ಹುಟ್ಟೂರು ಷಿಕಾಗೋವನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. ಬಾಲ್ಮಿ ಗಲ್ಲಿ ಕಾಯಲಿ.

ಷಿಕಾಗೋದ ಪಿಲ್ಸೆನ್ ಬಡಾವಣೆಗೆ ಆ ಹೆಸರಿಟ್ಟವರು ಬೊಹೀಮಿಯಾದಿಂದ ವಲಸೆ ಬಂದವರು. ಅವರು ಬಿಟ್ಟುಹೋದ ಮನೆಗಳಿಗೆ ಮೆಕ್ಸಿಕನ್ನರು ಬಂದರು. ಹಳೆಯ ವಲಸಿಗರಿಗಾಗಿ ಕಟ್ಟಿದ್ದ ಸಮುದಾಯ ಭವನ 1970ರ ಹೊತ್ತಿಗೆ ಕಾಸಾ ಆಸ್ಟ್ಲಾನ್ ಎಂಬ ಮೆಕ್ಸಿಕನ್ನರ ಕೇಂದ್ರವಾಯಿತು, ಪಟ್ಲಾನ್ ಅದರ ಗೋಡೆಗಳ ತುಂಬ ಚಿತ್ರ ಬರೆದರು. ಕೇಂದ್ರ ಮುಚ್ಚಿತು, ಕಟ್ಟಡ ಕೈ ಬದಲಾಯಿಸಿತು, 2017ರ ಜೂನ್‌ನಲ್ಲಿ ಹೊಸ ಮಾಲೀಕರು ಹೊರಗೋಡೆಗೆ ಬೂದು ಬಣ್ಣ ಹೊಡೆಸಿದರು. 2000ದ ನಂತರ ಹತ್ತು ಸಾವಿರಕ್ಕೂ ಹೆಚ್ಚು ಲ್ಯಾಟಿನೋ ಜನರನ್ನು ಕಳೆದುಕೊಂಡಿದ್ದ ಬಡಾವಣೆ ಅದು. ಬಾಡಿಗೆ ಏರಿ ನೆರೆಯವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುತ್ತಿದ್ದಾಗ, ಉಳಿದವರಿಗೆ ಆ ಬೂದು ಬಣ್ಣ ‘ನೀವೂ ಹೊರಡಿ’ ಎಂದಂತೆ ಕೇಳಿಸಿತು. ಜನ ಬೀದಿಗಿಳಿದರು. ಅದೇ ವರ್ಷ ಪಟ್ಲಾನ್ ಅದೇ ಗೋಡೆಯ ಮೇಲೆ ಮತ್ತೆ ಚಿತ್ರ ಬರೆದರು.

‘ಮೂಲ ಹೋಯಿತಲ್ಲ, ಇದು ಬೇರೆ ಚಿತ್ರ’ ಎನ್ನುವ ಪಂಥದೊಂದಿಗೆ ನನ್ನ ತಕರಾರು ಹಳೆಯದು. ಆ ಪಂಥದವರು ಪ್ರತಿ ಸಲ ಎತ್ತಿಕೊಳ್ಳುವ ಉದಾಹರಣೆ ಮೆಕ್ಸಿಕೋದ ಗೋಡೆಚಿತ್ರಕಾರ ಸಿಕೇರೋಸ್‌ನ ‘ಅಮೆರಿಕಾ ಟ್ರಾಪಿಕಲ್’. ಅದೇ ಉದಾಹರಣೆ ನನ್ನ ಪರವಾಗಿದೆ.

1932. ಲಾಸ್ ಏಂಜಲೀಸ್‌ನ ಓಲ್ವೆರಾ ಬೀದಿಯನ್ನು ಪ್ರವಾಸಿಗರಿಗಾಗಿ ಅಂದಚೆಂದದ ಮೆಕ್ಸಿಕನ್ ಸಂತೆಯಾಗಿ ಸಿಂಗರಿಸಿ ಎರಡು ವರ್ಷವಾಗಿತ್ತು. ಪಕ್ಕದ ಚೌಕದಲ್ಲೇ 1931ರ ಫೆಬ್ರವರಿಯಲ್ಲಿ ಅಧಿಕಾರಿಗಳು ಸುಮಾರು 400 ಜನರನ್ನು ಸುತ್ತುವರಿದು, ಕಾಗದಪತ್ರ ತೋರಿಸಿ ಎಂದು ತಡೆದು ನಿಲ್ಲಿಸಿದ್ದರು. ಮೆಕ್ಸಿಕನ್ನರನ್ನು ಗಡಿಯಾಚೆಗೆ ಸಾಗಿಸುತ್ತಿದ್ದ ಕಾಲ. ಅಂಥ ಬೀದಿಯಲ್ಲಿ ಇಟಾಲಿಯನ್ ಹಾಲ್‌ನ ಎರಡನೇ ಅಂತಸ್ತಿನ ಹೊರಗೋಡೆಯ ಮೇಲೆ ‘ಉಷ್ಣವಲಯದ ಅಮೆರಿಕ’ವನ್ನು ಬರೆದುಕೊಡಿ ಎಂದು ಸಿಕೇರೋಸ್‌ನನ್ನು ಕೇಳಿದರು. ಕೇಳಿದವರ ಮನಸ್ಸಿನಲ್ಲಿದ್ದದ್ದು ಹಣ್ಣು, ಹಕ್ಕಿ, ತಾಳೆಮರ. ಗೋಡೆ ಸುಮಾರು 80 ಅಡಿ ಉದ್ದ, 18 ಅಡಿ ಎತ್ತರ. ಸಿಕೇರೋಸ್ ಸುಣ್ಣದ ಗಾರೆ ಬಿಟ್ಟು ಸಿಮೆಂಟ್ ಹಿಡಿದ, ಕುಂಚದ ಜೊತೆಗೆ ಸ್ಪ್ರೇ ಗನ್ ಹಿಡಿದ. ಸಹಾಯಕರು ದಿನವೂ ತಿರುಚಿದ ಬೇರುಗಳನ್ನು, ಮಾಯಾ ಪಿರಮಿಡ್ಡಿನ ಪಾಳನ್ನು ಬರೆಯುತ್ತ ಹೋದರು. ನಡುವಿನ ಜಾಗ ಮಾತ್ರ ಖಾಲಿ. ಅನಾವರಣದ ಹಿಂದಿನ ರಾತ್ರಿ ಎಲ್ಲರನ್ನೂ ಕಳಿಸಿ, ಒಬ್ಬನೇ ನಿಂತು ಆ ಜಾಗವನ್ನು ತುಂಬಿಸಿದ. ಬೆಳಗಾದಾಗ ಅಲ್ಲಿದ್ದದ್ದು ಶಿಲುಬೆಗೇರಿದ ಒಬ್ಬ ಮೂಲನಿವಾಸಿ, ಅವನ ತಲೆಯ ಮೇಲೆ ಅಮೆರಿಕದ ಹದ್ದು. ಬಲಗಡೆ ಬಂದೂಕು ಹಿಡಿದ ಇಬ್ಬರು ರೈತರು, ಒಬ್ಬ ಪೆರುವಿನವನು, ಇನ್ನೊಬ್ಬ ಮೆಕ್ಸಿಕೋದವನು. ಅವರ ಗುರಿ ಹದ್ದಿನ ಕಡೆಗೆ.

ಬೀದಿಗೆ ಕಾಣುತ್ತಿದ್ದ ಭಾಗಕ್ಕೆ ಬೇಗನೆ ಬಿಳಿ ಬಣ್ಣ ಬಿತ್ತು, ಕೆಲವು ವರ್ಷಗಳಲ್ಲಿ ಗೋಡೆ ಪೂರ್ತಿ ಬೆಳ್ಳಗಾಯಿತು. ಸಿಕೇರೋಸ್ ಅಮೆರಿಕ ಬಿಡಬೇಕಾಯಿತು. 1960ರ ದಶಕದ ಕೊನೆಗೆ ಬಿಸಿಲು ಮಳೆಗೆ ಬಿಳಿಯ ಪದರ ಉದುರಿ ಆಕೃತಿಗಳು ಹೊರಗೆ ಇಣುಕತೊಡಗಿದವು. ಮೆಕ್ಸಿಕನ್ ಮೂಲದ ಅಮೆರಿಕನ್ನರ ಚಿಕಾನೋ ಚಳವಳಿಯ ಹುಡುಗರು ಬೀದಿಗಿಳಿದ ವರ್ಷಗಳೂ ಅವೇ. ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ನಗರಾಡಳಿತವೂ ದಶಕಗಟ್ಟಲೆ ಕೆಲಸ ಮಾಡಿ 2012ರ ಅಕ್ಟೋಬರ್‌ನಲ್ಲಿ, ಚಿತ್ರ ಅನಾವರಣಗೊಂಡು ಸರಿಯಾಗಿ 80 ವರ್ಷಕ್ಕೆ, ಅದನ್ನು ಜನರಿಗೆ ತೆರೆದವು. ಬಣ್ಣ ಬಹುಪಾಲು ಹೋಗಿದೆ. ಚಿತ್ರ ಬರೆದ ಕಾಲದಲ್ಲಿ ತೆಗೆದ ಫೋಟೋಗಳು ಕಪ್ಪು ಬಿಳುಪಿನವು. ಆದ್ದರಿಂದ ಮತ್ತೆ ಬಣ್ಣ ತುಂಬದೆ, ಇದ್ದದ್ದನ್ನು ಇದ್ದಂತೆ ಉಳಿಸಿದರು. ಆ ನಿರ್ಧಾರ ಸರಿಯಾದದ್ದು. ಬರೆದವನು 1974ರಲ್ಲೇ ತೀರಿಕೊಂಡಿದ್ದ. ಹದ್ದಿನ ರೆಕ್ಕೆಗೆ ಯಾವ ಬಣ್ಣ ಎಂದು ಬೇರೆಯವರು ಊಹಿಸಿ ಬಳಿದಿದ್ದರೆ ಅದು ಎರಡನೆಯ ಸಲ ಮುಚ್ಚಿದಂತೆಯೇ ಆಗುತ್ತಿತ್ತು.

ಆದರೆ ಅಲ್ಲಿ ಸರಿಯಾದದ್ದನ್ನು ಎಲ್ಲ ಕಡೆಗೂ ಕಾನೂನು ಮಾಡಲು ಹೊರಟರೆ ಎಡವಟ್ಟು. ಪಿಲ್ಸೆನ್‌ನಲ್ಲಿ ಬರೆದವರು ಬದುಕಿದ್ದರು, ಯಾರಿಗಾಗಿ ಬರೆದರೋ ಆ ಜನ ಇನ್ನೂ ಆ ಬೀದಿಯಲ್ಲಿದ್ದರು. ಅಲ್ಲಿ ಬೂದು ಗೋಡೆಯನ್ನು ಹಾಗೆಯೇ ಬಿಟ್ಟಿದ್ದರೆ ಗೆಲುವು ಬಣ್ಣ ಹೊಡೆಸಿದವರದ್ದೇ. ನನಗೆ ಗೋಡೆ ಅಳಿಸುವುದಕ್ಕಿಂತಲೂ ಭಯ ಹುಟ್ಟಿಸುವುದು ಈಗಿನ ಉತ್ಸವದ ಗೋಡೆಚಿತ್ರಗಳು: ಎಲ್ಲಿಂದಲೋ ಕರೆಸಿದ ಕಲಾವಿದರು, ಯಾವ ಊರಿನ ಗೋಡೆಗಾದರೂ ಹೊಂದುವ ನರಿ, ಹೂವು, ರೆಕ್ಕೆ. ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಚೆನ್ನ. ಆದರೆ ನಾಳೆ ಅದನ್ನು ಅಳಿಸಿದರೆ ಆ ಬೀದಿಯಲ್ಲಿ ಯಾರೂ ಬಾಗಿಲು ತೆರೆದು ಹೊರಗೆ ಬರುವುದಿಲ್ಲ. ಬ್ಯಾರಿಯೋಗಳ, ಅಂದರೆ ಲ್ಯಾಟಿನೋ ಬಡಾವಣೆಗಳ, ಗೋಡೆಗಳನ್ನೂ ಇವನ್ನೂ ಒಂದೇ ‘ಬೀದಿಕಲೆ’ಯ ಪುಸ್ತಕದಲ್ಲಿ ಸೇರಿಸುವವರನ್ನು ನಾನು ಒಪ್ಪಲಾರೆ.

ಬ್ಯಾರಿಯೋದ ಗೋಡೆ ಎಂದರೇನೆಂದು ತಿಳಿಯಲು ಸ್ಯಾನ್ ಡಿಯಾಗೋದ ಚಿಕಾನೋ ಪಾರ್ಕ್ ನೋಡಿ. ಮೊದಲು ಹೆದ್ದಾರಿ, ಆಮೇಲೆ 1969ರಲ್ಲಿ ಕೊರೊನಾಡೊ ಸೇತುವೆ ಅಲ್ಲಿನ ಬಡಾವಣೆಯನ್ನು ಸೀಳಿತು. ಸೇತುವೆಯ ಕೆಳಗೆ ಪಾರ್ಕ್ ಕೊಡುತ್ತೇವೆಂದಿದ್ದ ಜಾಗಕ್ಕೆ 1970ರ ಏಪ್ರಿಲ್ 22ರಂದು ಹೆದ್ದಾರಿ ಪೊಲೀಸರ ಕಟ್ಟಡಕ್ಕಾಗಿ ಬುಲ್ಡೋಜರ್ ಬಂತು. ಜನ ಅಡ್ಡ ನಿಂತರು, 12 ದಿನ ಜಾಗ ಬಿಡಲಿಲ್ಲ, ಅಲ್ಲೇ ಗಿಡ ನೆಟ್ಟರು. ಅದೇ ಬಡಾವಣೆಯ ಸಾಲ್ವಡಾರ್ ಟೊರೆಸ್ ಸೇತುವೆಯ ಕಾಂಕ್ರೀಟ್ ಕಂಬಗಳನ್ನೇ ಚಿತ್ರಪಟ ಮಾಡೋಣ ಎಂದರು, 1973ರಲ್ಲಿ ಬಣ್ಣ ಏರಿತು. ನಾಲ್ಕು ದಶಕದ ಬಿಸಿಲಿಗೆ ಬಣ್ಣ ಮಾಸಿದಾಗ, ಮೊದಲು ಬರೆದವರಲ್ಲೇ ಹಲವರು ಬಂದು ಅವೇ ಕಂಬಗಳಿಗೆ ಮತ್ತೆ ಬಣ್ಣ ತುಂಬಿದರು. ಮೂಲ ಹೋಯಿತು ಎನ್ನುವ ಪಂಥದವರು ಇದಕ್ಕೆ ಉತ್ತರ ಕೊಡಬೇಕು: ಆ ಪಾರ್ಕನ್ನು ಅಮೆರಿಕ ಸರ್ಕಾರ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿಸಿದ್ದು 2016ರಲ್ಲಿ, ಹಾಗೆ ಮತ್ತೆ ಬಣ್ಣ ತುಂಬಿದ ಮೇಲೆ.