ಕಿವಿಯೇ ಗುರು

ವಾದ್ಯಗೋಷ್ಠಿಯ ಗಿಟಾರ್ ವಾದಕರಿಗೆ ಒಂದು ಕಾಲದಲ್ಲಿ ಕ್ಯಾಸೆಟ್ಟೇ ಪಾಠ, ರಿವೈಂಡ್ ಗುಂಡಿಯೇ ಮೇಷ್ಟ್ರು. 1981ರ ‘ಗೀತಾ’ ಚಿತ್ರದ ಇಳಯರಾಜ ಸಂಗೀತವನ್ನು ಹಾಗೆ ಬಿಡಿಸಲು ಕೂತವರು ಮೊದಲು ಹಿಡಿಯಬೇಕಾದ್ದು ಗಾಯಕರ ದನಿಯನ್ನಲ್ಲ, ತಳದಲ್ಲಿ ನಡೆಯುವ ಬೇಸನ್ನು.

ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಸಿ ಮೇಜರ್ ಎಂದರೆ ಸಿ, ಇ, ಜಿ. ಎ ಮೈನರ್ ಎಂದರೆ ಎ, ಸಿ, ಇ. ಸಿ, ಇ ಸ್ವರಗಳು ಎರಡಕ್ಕೂ ಸೇರಿದವು. ಕಿವಿ ಮೋಸಹೋಗುವುದು ಇಲ್ಲೇ. ಬೇಸ್ ಎಲ್ಲಿ ಕಾಲೂರಿದೆ ಎಂದು ಆಲಿಸಿದರೆ ಅರ್ಧ ಗಂಟು ಸಡಿಲ. ಉಳಿದರ್ಧ ಮೂರನೇ ಸ್ವರವಾದ ಗಾಂಧಾರದ್ದು: ಅಂತರ ಗಾಂಧಾರ ಸಾಧಾರಣಕ್ಕೆ ಇಳಿದರೆ ಮೇಜರ್ ಮೈನರಾಗುತ್ತದೆ.

ತಪ್ಪು ಕಾರ್ಡ್ ಅನ್ನದಲ್ಲಿ ಸಿಕ್ಕ ಕಲ್ಲು. ಸರಿಯಾದದ್ದು ಸಿಕ್ಕಾಗ ಗಿಟಾರ್ ಹಾಡಿನೊಳಗೆ ಕರಗಿಹೋಗುತ್ತದೆ. ಬರೆದುಕೊಟ್ಟದ್ದನ್ನು ಯಾರು ಬೇಕಾದರೂ ನುಡಿಸಬಹುದು. ಕಿವಿಯಿಂದ ಬಿಡಿಸಿಕೊಂಡರೆ ಮಾತ್ರ ಹಾಡು ಕಟ್ಟಿದವರ ಪಕ್ಕ ಕೂತ ಸುಖ.