ಮಾರುಕಟ್ಟೆಯ ಎಲ್ಲೆ ಮತ್ತು ಮಾರುವವನ ಹಿತ

ಸ್ಪರ್ಧಾ ಕಾನೂನಿಗೆ ಸಂಬಂಧಿಸಿದ ವ್ಯಾಜ್ಯಗಳಲ್ಲಿ ಅರ್ಥಶಾಸ್ತ್ರಜ್ಞನ ನೆರವು ಈಗ ಸಾಮಾನ್ಯವಾಗಿದೆ. 2002ರ ಸ್ಪರ್ಧಾ ಅಧಿನಿಯಮದ 36ನೆಯ ಪ್ರಕರಣವು ಅರ್ಥಶಾಸ್ತ್ರ, ವಾಣಿಜ್ಯ ಮೊದಲಾದ ಕ್ಷೇತ್ರಗಳ ತಜ್ಞರನ್ನು ವಿಚಾರಣೆಯ ನೆರವಿಗೆ ಕರೆಯಿಸಿಕೊಳ್ಳುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿದೆ. 2023ರ ತಿದ್ದುಪಡಿಯು ಕಕ್ಷಿದಾರರಿಗೂ ಅಂಥ ತಜ್ಞರ ಅಭಿಪ್ರಾಯವನ್ನು ಮಂಡಿಸುವ ಅವಕಾಶ ಕಲ್ಪಿಸಿದೆ. ಆದರೆ ಈ ತಜ್ಞನ ವಿಧಾನವು ಬಹುಮಟ್ಟಿಗೆ ಕೊಳ್ಳುವವನ ಹಿತವನ್ನು ಅಳೆಯುವುದಕ್ಕಾಗಿ ರೂಪುಗೊಂಡದ್ದು. ಮಾರುವವನಿಗೆ ನಷ್ಟವಾದಾಗ ಅದು ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನು ಕೋಲಾರ ಜಿಲ್ಲೆಯ ನಿದರ್ಶನದಿಂದ ಇಲ್ಲಿ ವಿಮರ್ಶಿಸಲು ಯತ್ನಿಸಿದ್ದೇವೆ.

ತಜ್ಞನು ಮೊದಲು ಕೇಳುವ ಪ್ರಶ್ನೆ, ಮಾರುಕಟ್ಟೆಯ ಎಲ್ಲೆ ಯಾವುದು ಎಂಬುದು. ಅಮೆರಿಕದಲ್ಲಿ 1982ರ ವಿಲೀನ ಮಾರ್ಗಸೂಚಿಗಳ ಮೂಲಕ ಪ್ರಸಿದ್ಧವಾದ ಪರೀಕ್ಷೆ ಹೀಗಿದೆ: ಒಂದು ಪ್ರದೇಶದಲ್ಲಿ ಒಂದು ಸರಕನ್ನು ಒಬ್ಬನೇ ಮಾರುತ್ತಿರುವನೆಂದು ಭಾವಿಸಿ, ಅವನು ಬೆಲೆಯನ್ನು ನೂರಕ್ಕೆ 5ರಷ್ಟು ಏರಿಸಿದರೆ ಅವನಿಗೆ ಲಾಭವೇ ಎಂದು ನೋಡುವುದು. ಕೊಳ್ಳುವವರು ಬೇರೆಡೆಗೆ ಹೋಗುವುದರಿಂದ ಲಾಭವಿಲ್ಲದೆ ಹೋದರೆ ಮಾರುಕಟ್ಟೆ ಇನ್ನೂ ವಿಶಾಲವೆಂದು ತಿಳಿಯಬೇಕು. ರೈತನ ವಿಷಯದಲ್ಲಿ ಇದನ್ನು ತಿರುಗಿಸಿ ಕೇಳಬೇಕಾಗುತ್ತದೆ. ಕೊಳ್ಳುವವನೊಬ್ಬನೇ ಇದ್ದು ಬೆಲೆಯನ್ನು ಅಷ್ಟೇ ಇಳಿಸಿದರೆ, ರೈತನು ತನ್ನ ಗಾಡಿಯನ್ನು ಎಲ್ಲಿಗೆ ಹೊಡೆದಾನು?

ಈ ಪ್ರಶ್ನೆಗೆ ಉತ್ತರ ನಕಾಶೆಯಲ್ಲಿ ಸಿಗುವುದಿಲ್ಲ. ಮಾಲೂರಿನ ತರಕಾರಿ ಬೆಳೆಗಾರನಿಗೆ ಬೆಂಗಳೂರೂ ಹೊಸೂರೂ ಸಮೀಪ. ಮುಳಬಾಗಿಲಿನವನಿಗೆ ವಡ್ಡಹಳ್ಳಿಯ ಮಾರುಕಟ್ಟೆಯುಂಟು, ಕೋಲಾರವುಂಟು, ಗಡಿಯಾಚೆ ಮದನಪಲ್ಲಿಯುಂಟು. ಒಂದೇ ಜಿಲ್ಲೆಯ ಇಬ್ಬರು ಬೆಳೆಗಾರರಿಗೆ ಮಾರುಕಟ್ಟೆಯ ಎಲ್ಲೆ ಒಂದೇ ಅಲ್ಲ. ಅಲ್ಲದೆ ಹಣ್ಣಾದ ಟೊಮೆಟೊ ಕಾಯಲಾರದು. ಆದಕಾರಣ ದೂರವನ್ನು ಮೈಲಿಗಳಲ್ಲಿ ಅಳೆದರೆ ಸಾಲದು, ಗಂಟೆಗಳಲ್ಲಿಯೂ ಅಳೆಯಬೇಕು.

ಶ್ರೀನಿವಾಸಪುರದ ಮಾವು ಇದಕ್ಕಿಂತ ಕಠಿನವಾದ ಸಮಸ್ಯೆಯನ್ನು ಒಡ್ಡುತ್ತದೆ. ತೋತಾಪುರಿಯು ಹೆಚ್ಚಾಗಿ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುವ ತಳಿ. ಈ ಸೀಮೆಯ ಹಣ್ಣಿಗೆ ಚಿತ್ತೂರು ಜಿಲ್ಲೆಯ ಕಾರ್ಖಾನೆಗಳೇ ದೊಡ್ಡ ಆಸರೆ. 2025ರ ಜೂನ್ ತಿಂಗಳಿನಲ್ಲಿ ಚಿತ್ತೂರಿನ ಜಿಲ್ಲಾಡಳಿತವು, ಫಸಲು ಹೆಚ್ಚಾಗಿ ಅಲ್ಲಿಯ ಬೆಳೆಗಾರರೇ ಸಂಕಷ್ಟದಲ್ಲಿದ್ದಾಗ, ಹೊರರಾಜ್ಯದ ತೋತಾಪುರಿಯ ಪ್ರವೇಶವನ್ನು ನಿಷೇಧಿಸಿತು. ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು. ಅದೇ ತಿಂಗಳು ಕೇಂದ್ರ ಸರಕಾರವು ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಕ್ವಿಂಟಲಿಗೆ 1,616 ರೂಪಾಯಿಯಂತೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯನ್ನು ಒಪ್ಪಿತು.

ಬೆಲೆ ಕುಸಿದಾಗ ವರ್ತಕರು ಕೂಡಿ ಸಂಚು ಮಾಡಿದರೆಂಬ ಮಾತು ಸಹಜವಾಗಿಯೇ ಹುಟ್ಟುತ್ತದೆ. ಆದರೆ ಒಂದು ದಾರಿ ಮುಚ್ಚಿದೊಡನೆ ಉಳಿದ ಕೊಳ್ಳುವವರ ಬಲವು ಯಾವ ಒಪ್ಪಂದವೂ ಇಲ್ಲದೆ ವೃದ್ಧಿಯಾಗುತ್ತದೆ. ಬೆಲೆಗಳು ಒಟ್ಟಿಗೆ ಇಳಿದುದೊಂದೇ ಸಂಚಿಗೆ ಸಾಕ್ಷಿಯಲ್ಲ. ಇದನ್ನು ಹೇಳದ ತಜ್ಞನು ತನ್ನ ಕಕ್ಷಿಗೆ ಪ್ರಿಯನಾದರೂ ಶಾಸ್ತ್ರಕ್ಕೆ ನಿಷ್ಠನಲ್ಲ. ಅಧಿನಿಯಮದ 19(6)ನೆಯ ಉಪಪ್ರಕರಣವು ಸರಕಾರಿ ನಿರ್ಬಂಧಗಳನ್ನೂ ಸಾಗಾಣಿಕೆಯ ವೆಚ್ಚವನ್ನೂ ಎಲ್ಲೆ ಗುರುತಿಸುವಾಗ ಪರಿಗಣಿಸಬೇಕೆನ್ನುತ್ತದೆ. ಆ ಜೂನ್ ತಿಂಗಳ ಹಿಂದಿನ ಎಲ್ಲೆ ಬೇರೆ, ಅನಂತರದ ಎಲ್ಲೆ ಬೇರೆ.

ಇನ್ನು ಕಾನೂನಿನ ಪರಿಭಾಷೆಯನ್ನು ನೋಡೋಣ. ಸರಕಿನ ಮಾರುಕಟ್ಟೆಯೆಂದರೆ ಗ್ರಾಹಕನು ಪರಸ್ಪರ ಬದಲಿಯೆಂದು ಎಣಿಸುವ ಸರಕುಗಳು ಎಂಬುದು ಮೂಲ ವ್ಯಾಖ್ಯೆ. 2023ರ ತಿದ್ದುಪಡಿಯು ಒಂದು ಸರಕಿನ ಉತ್ಪಾದನೆಯಿಂದ ಇನ್ನೊಂದಕ್ಕೆ ಸುಲಭವಾಗಿ ಹೊರಳಬಲ್ಲ ಪೂರೈಕೆದಾರನ ದೃಷ್ಟಿಯನ್ನೂ ಸೇರಿಸಿತು. ಆದರೆ ವರ್ಷಗಟ್ಟಲೆ ಬೆಳೆಸಿದ ಮಾವಿನ ತೋಪನ್ನು ಒಂದು ಋತುವಿನಲ್ಲಿ ಹೊರಳಿಸಲಾದೀತೇ? ರೈತನಿಗೆ ಬೇಕಾದುದು ಬದಲಿ ಬೆಳೆಯ ಲೆಕ್ಕವಲ್ಲ, ಬದಲಿ ಕೊಳ್ಳುವವರ ಲೆಕ್ಕ. ಅದು ಈ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿಲ್ಲ.

ಗ್ರಾಹಕ ಸಂರಕ್ಷಣೆಯ ಕಾನೂನಿನಲ್ಲಿ ಈ ವೈಚಿತ್ರ್ಯ ಇನ್ನೂ ಎದ್ದು ಕಾಣುತ್ತದೆ. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ನಿನ ವ್ಯಾಜ್ಯದಲ್ಲಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೀಜ ಕೊಂಡ ರೈತನು ಗ್ರಾಹಕನೇ ಎಂದು ಎತ್ತಿಹಿಡಿಯಿತು. ಹೀಗಾಗಿ ಟೊಮೆಟೊ ಬೀಜ ಕೊಳ್ಳುವಾಗ ಆ ಕಾನೂನಿನ ರಕ್ಷಣೆಯುಳ್ಳ ರೈತನು, ಅದೇ ಬೀಜದ ಫಲವನ್ನು ಮಂಡಿಗೆ ತಂದಾಗ ಅದರ ಹೊರಗೆ ನಿಲ್ಲುತ್ತಾನೆ.

ಕೊಳ್ಳುವ ಬೆಲೆಯನ್ನು ಕೂಡಿ ನಿರ್ಧರಿಸುವುದನ್ನು 3ನೆಯ ಪ್ರಕರಣವೂ, ಪ್ರಬಲನು ಕೊಳ್ಳುವಾಗ ಅನ್ಯಾಯದ ಬೆಲೆ ವಿಧಿಸುವುದನ್ನು 4ನೆಯ ಪ್ರಕರಣವೂ ನಿಷೇಧಿಸಿವೆಯಲ್ಲವೇ ಎಂಬ ಆಕ್ಷೇಪ ಬರಬಹುದು. ಅದು ನಿಜ. ಕಾನೂನು ಮೂಕವಲ್ಲ, ಅದಕ್ಕೆ ಸಾಕ್ಷ್ಯ ಒದಗಿಸಬೇಕಾದ ಅಳತೆಗೋಲು ಒಂದೇ ಕಡೆಗೆ ಬಾಗಿದೆ. ಸ್ಪರ್ಧಾ ಆಯೋಗಕ್ಕಾಗಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯು ಈರುಳ್ಳಿ ಮಾರುಕಟ್ಟೆಯನ್ನು ಕುರಿತು 2012ರಲ್ಲಿ ವರದಿಯೊಂದನ್ನು ಸಿದ್ಧಪಡಿಸಿತ್ತು. ಮಂಡಿಯೊಳಗಿನ ವ್ಯವಹಾರವನ್ನೇ ಪರೀಕ್ಷೆಗೆ ಒಳಪಡಿಸುವ ಮಾರ್ಗ ನಮ್ಮಲ್ಲಿ ಹೊಸತಲ್ಲ.

ಪ್ರತಿ ಹರಾಜಿನಲ್ಲಿ ಎಷ್ಟು ಮಂದಿ ಕೂಗಿದರು, ಲಾರಿಗಳು ಎಲ್ಲಿಗೆ ಹೋದವು, ಮುಂಗಡ ಸಾಲದ ಕಾರಣದಿಂದ ಯಾವ ರೈತನು ಯಾವ ಮಂಡಿಗೆ ಕಟ್ಟುಬಿದ್ದಿದ್ದಾನೆ ಎಂಬ ಮೂರು ವಿವರಗಳನ್ನು ಕ್ರಮವಾಗಿ ಸಂಗ್ರಹಿಸಿದರೆ ಕೋಲಾರ ಜಿಲ್ಲೆಯ ಮಾರುಕಟ್ಟೆಯ ನಿಜವಾದ ಎಲ್ಲೆ ಕಾಣತೊಡಗುತ್ತದೆ. ಈ ಕೆಲಸ ವ್ಯಾಜ್ಯ ಹೂಡಿದ ಮೇಲೆ ಆರಂಭವಾಗತಕ್ಕದ್ದಲ್ಲ. ನಮ್ಮ ಕಾಲೇಜುಗಳ ಅರ್ಥಶಾಸ್ತ್ರ ವಿಭಾಗಗಳು ಇದನ್ನು ಮೊದಲೇ ಕೈಗೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.